ಬಲಮೂಲೆಯ ಬೆಸುಗೆ

ನಾನು ಅಕ್ಕಿ ತೊಳೆಯುತ್ತಿದ್ದೆ. ಲಕ್ಷ್ಮೀಪುರಂನಲ್ಲಿ ಬಣ್ಣದ ಮೀನು ಸಾಕುವ ಸುಂದರೇಶ ಅವರು ಒಡೆದ ಪ್ಲಾಸ್ಟಿಕ್ ತೊಟ್ಟಿಯನ್ನು ಆಟೋದಲ್ಲಿ ತಂದು ನಮ್ಮ ಬಾಗಿಲಲ್ಲಿ ಇಳಿಸಿದರು.

“ನಿಮ್ಮ ಮಗನ ಕೆಲಸ ನೋಡ್ರಮ್ಮ! ಒಂದೇ ವಾರಕ್ಕೆ ಬೆಸುಗೆ ಬಿಟ್ಕೊಂಡ್ತು. ಅರ್ಧ ಮೀನು ಸತ್ತೋದ್ವು. ಉಳಿದ ನಾಲ್ಕು ತೊಟ್ಟಿ ಮಾಡೋ ಕೆಲ್ಸ ಪಕ್ಕದ ಬೀದಿ ಸ್ವರೂಪ್‌ಗೇ ಕೊಟ್ಬುಡ್ತೀನಿ.”

ಮಗ ಶಿವಕಿರಣ್ ಹಿತ್ತಲ ಕೋಣೆಯಲ್ಲಿ ಬಿಸಿಗಾಳಿಯ ಗನ್ ಹಿಡಿದು ಪ್ಲಾಸ್ಟಿಕ್ ಕಡ್ಡಿ ಕರಗಿಸುತ್ತ ಹಾಳೆಗಳ ಅಂಚು ಬೆಸೆದು ತೊಟ್ಟಿ ಮಾಡುತ್ತಾನೆ. ಈ ಕೆಲಸ ನಂಬಿ ಫ್ಯಾಕ್ಟರಿ ಬಿಟ್ಟವನು. ಗನ್ ಕೆಳಗಿಟ್ಟು ಓಡಿ ಬಂದ.

“ಇದನ್ನ ಬೆಸೆದ ಶುಕ್ರವಾರ ಸ್ವರೂಪ್ ಬಂದಿದ್ದ ಕಣಮ್ಮ. ಅವನೇ ಬ್ಲೇಡ್ ಹಾಕಿರ್ಬೇಕು.”

ನಾನು ಮಹಡಿಗೆ ಓಡಿದೆ. ಅಲ್ಲಿ ಬಾಡಿಗೆಗಿರುವ ಬಸಮ್ಮನವರು ಹೆಬ್ಬಾಳದ ಪ್ಲಾಸ್ಟಿಕ್ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ತೊಟ್ಟಿಗಳ ತಪ್ಪು ಹುಡುಕಿದವರು. ಬೀದಿಯಲ್ಲಿ ಏನು ಕಳೆದರೂ ಪತ್ತೆ ಅವರದೇ, ಟಾರ್ಚ್ ಹಿಡಿಯುವ ಕೈ ನನ್ನದು.

ಬಸಮ್ಮನವರು ಇಳಿದು ಬಂದರು. ತೊಟ್ಟಿಯ ಬಲಮೂಲೆಯಲ್ಲಿ ಗೇಣುದ್ದ ಬೆಸುಗೆಯ ಕಡ್ಡಿ ಶಾವಿಗೆ ಎಳೆಯಂತೆ ಇಡಿಯಾಗಿ ಎದ್ದಿತ್ತು. ಅದರ ಕೆಳಗೆ ನಸುಗೆಂಪು ಕಲೆ.

“ಅವತ್ತು ಏನೇನಾಯ್ತು ಹೇಳಪ್ಪ,” ಎಂದು ಅವರು ಮಗನನ್ನು ಕೇಳಿದರು.

“ಅಂಚೆಲ್ಲ ಕೆರೆದೆ, ಸ್ಪಿರಿಟ್‌ನಲ್ಲಿ ಒರೆಸ್ದೆ. ಕರೆಂಟ್ ಹೋಯ್ತು, ಊಟಕ್ಕೆ ಎದ್ದೆ. ಬಂದ್ಮೇಲೆ ಬೆಸುಗೆ ಹಾಕ್ದೆ. ಅದೆಲ್ಲ ಮುಗಿದ್ಮೇಲೆ ಸ್ವರೂಪ್ ಬಂದ, ಗನ್ನಿನ ಮೂತಿ ಸಾಲ ಕೇಳ್ಕೊಂಡು.”

ಬಸಮ್ಮನವರು ಅಡುಗೆಮನೆಗೆ ಬಂದು ಕಾಫಿ ಕುಡಿದರು. ಒಲೆ, ಮಿಕ್ಸಿ, ಡಬ್ಬಿಗಳ ಬಲಮೂಲೆಯಲ್ಲೆಲ್ಲ ನಾನಿಟ್ಟ ಶುಕ್ರವಾರದ ಕುಂಕುಮ. ಅವರು ಒಂದೊಂದನ್ನೂ ನೋಡಿದರು.

ಸಂಜೆ ಸ್ವರೂಪ್‌ನನ್ನೂ ಸುಂದರೇಶ ಅವರನ್ನೂ ಕರೆಸಿದರು. ಎರಡು ತುಂಡು ಹಾಳೆ ಕೆರೆಸಿದರು. ಒಂದಕ್ಕೆ ದೀಪದ ಎಣ್ಣೆಯ ಬೆರಳು ಮುಟ್ಟಿಸಿ, ಬಟ್ಟೆಯಿಂದ ಒರೆಸಿಟ್ಟರು. ಶಿವಕಿರಣ್ ಹಾಳೆ, ಕಡ್ಡಿ ಎರಡೂ ಹೊಳೆಯುವಷ್ಟು ಕಾಯಿಸಿ, ಒಂದೇ ವೇಗದಲ್ಲಿ ಒತ್ತುತ್ತ ಬೆಸೆದ. ಆರಿದ ಮೇಲೆ ಇಕ್ಕಳದಿಂದ ಎಳೆದರು. ಒಂದರಲ್ಲಿ ಹಾಳೆ ಬಾಗಿತೇ ಹೊರತು ಕಡ್ಡಿ ಬಿಡಲಿಲ್ಲ. ಎಣ್ಣೆ ಮುಟ್ಟಿದ್ದು ಸಲೀಸಾಗಿ ಎದ್ದು ಬಂತು.

“ಬ್ಲೇಡ್ ಹಾಕಿದ್ರೆ ಕಡ್ಡಿ ಕತ್ತರಿಸಿ ಹೋಗಿರ್ತಿತ್ತು,” ಎಂದರು ಬಸಮ್ಮ. “ಇದು ಹಿಡಿದೇ ಇಲ್ಲ. ಕೆಂಪು ಕಡ್ಡಿಯ ಕೆಳಗಿದೆ. ಅಂದ್ರೆ ಕೆರೆದ ಮೇಲೆ, ಬೆಸುಗೆಗೆ ಮುಂಚೆ ಬಿದ್ದಿದ್ದು. ಆಗಿನ್ನೂ ಸ್ವರೂಪ್ ಬಂದಿರ್ಲಿಲ್ಲ. ಶುಕ್ರವಾರ, ಊಟದ ಹೊತ್ತು, ಬಲಮೂಲೆ…” ಅಲ್ಲಿಗೆ ನಿಲ್ಲಿಸಿ ನನ್ನ ಕೈ ಹಿಡಿದುಕೊಂಡರು.

“ನಾನೇ,” ಎಂದೆ. “ಕೆಲಸ ಚೆನ್ನಾಗಾಗ್ಲಿ ಅಂತ ಎಣ್ಣೇಲಿ ಕಲೆಸಿದ ಕುಂಕುಮ ಇಟ್ಟೆ. ಯಾವಾಗ್ಲೂ ಕೆರೆಯೋಕೆ ಮುಂಚೆ ಇಡ್ತಿದ್ದೆ, ಅವತ್ತು ತಡವಾಯ್ತು. ಕಲೆ ಆಯ್ತೂಂತ ಬೈತಾನೆ ಅಂದ್ಕೊಂಡು ಸೆರಗಲ್ಲಿ ಒರೆಸ್ಬುಟ್ಟೆ.”

ಸ್ವರೂಪ್ ನಕ್ಕ. “ನಾನೇ ಬ್ಲೇಡ್ ಹಾಕ್ದೆ ಅಂದ್ಕೊಂಡ್ಯಲ್ಲೋ ಕಿರಣ! ಕಾಫಿನಾದ್ರೂ ಕೊಡ್ಸು.”

ಸುಂದರೇಶ ಅವರು ಕನ್ನಡಕ ಒರೆಸಿಕೊಂಡರು. “ನಿಮ್ಮ ಮಗನ ಕೈ ಕೆಟ್ಟದ್ದಲ್ಲ ಬಿಡಿ. ನಾಲ್ಕೂ ಅವನೇ ಮಾಡ್ಲಿ.”

ಮುಂದಿನ ಶುಕ್ರವಾರ ಹಿತ್ತಲ ಕೋಣೆಯಲ್ಲಿ ಹೊಸ ಹಾಳೆ ಕಾಯುತ್ತಿತ್ತು. ಅಂಚಿನಿಂದ ದೂರ, ನಟ್ಟನಡುವೆ, ಮಗ ಪೆನ್ಸಿಲಿನಲ್ಲಿ ಪುಟ್ಟ ವೃತ್ತ ಬರೆದಿದ್ದ. “ಅಮ್ಮ, ನಿನ್ನ ಜಾಗ ಇದು.”

ಕುಂಕುಮ ಇಟ್ಟು, ಕೈ ತೊಳೆದು, ಮೊದಲ ಲೋಟ ಕಾಫಿಯನ್ನು ಮಹಡಿಗೆ ಒಯ್ದೆ.