ಡಬ್ಬಿಯಲ್ಲಿ ಬಾರದ ಸ್ಟಿಕ್ಕರ್

"ಮೇಡಂ, ಅಕ್ಷರ ಎಲ್ಲಾ ಉಲ್ಟಾ ಬಂದಾವ್ರಿ."

ನನಗೆ ಮೈಯೆಲ್ಲ ಉರಿಯಿತು. ಆದಿ ಉಡುಪಿಯ ಅಲೆಕ್ಸಾಂಡರ್ ಅವರ ಸ್ಟಿಕ್ಕರ್ ಅಂಗಡಿಗೆ ಸೇರಿದ ಮೇಲೆ ನನ್ನ ಕೆಲಸಕ್ಕೆ ಯಾರೂ ಕೊಂಕು ತೆಗೆದವರಲ್ಲ. ಕಾರ್ಕಳ ರೂಟಿನ ಬಸ್ಸುಗಳ ಗಾಜಿನಲ್ಲಿದ್ದ ಹೆಸರುಗಳಲ್ಲಿ ಅರ್ಧ ನನ್ನ ಕೈಯವೇ.

"ಉಲ್ಟಾ ಅಲ್ಲ, ಸರಿಯೇ ಉಂಟು. ಗಾಜಿಗೆ ಒಳಗಿನಿಂದ ಅಂಟಿಸಿ, ಹೊರಗಿನಿಂದ ನೋಡಿ. ನೆಟ್ಟಗೆ ಕಾಣ್ತದೆ."

"ವಿಮಾನಕ್ಕ ಒಳಗಿಂದ ಹ್ಯಾಂಗ ಹಚ್ಚೋದ್ರಿ?"

ಅವನು ಕೈಯಲ್ಲಿದ್ದ ಡಬ್ಬಿ ತೆರೆದ. ಹತ್ತಿಯ ಮೇಲೆ ಅಂಗೈಯಗಲದ ಯುದ್ಧವಿಮಾನವೊಂದು ಕುಳಿತಿತ್ತು.

"ಇದಕ್ಕೆ ಅಂತ ಮೊದಲೇ ಹೇಳಬಾರದಿತ್ತಾ?"

"ನೀವು ನಗ್ತೀರಿ ಅನ್ಕೊಂಡೆ."

ನಕ್ಕೇಬಿಟ್ಟೆ. ಅವನ ಕಿವಿ ಕೆಂಪಾಯಿತು. ಎರಡು ಸಾವಿರದ ಮೂರನೇ ಇಸವಿಯಲ್ಲಿ, ನನ್ನ ಪ್ರೇಮ ಹೀಗೆ ತಪ್ಪು ಪ್ರಿಂಟಿನಿಂದ ಶುರುವಾಯಿತು.

ಅವನ ಹೆಸರು ಮಲ್ಲಿನಾಥ. ಅಪ್ಪ ಗುರಲಿಂಗಪ್ಪ ಬಾಗಲಕೋಟೆ ಕಡೆಯಿಂದ ಬಂದು ಮಣಿಪಾಲದ ಹಾಸ್ಟೆಲ್ಲುಗಳಿಗೆ ಗಾರೆ ಹಾಕಿದವರು. ಮಗ ಅಲ್ಲೇ ಡೆಂಟಲ್ ಲ್ಯಾಬೊಂದರಲ್ಲಿ ಕಟ್ಟುಹಲ್ಲು ಮಾಡುತ್ತಿದ್ದ. ಬಿಡುವು ಸಿಕ್ಕರೆ ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಬರುವ ಪ್ಲಾಸ್ಟಿಕ್ ವಿಮಾನ ಜೋಡಿಸುತ್ತಿದ್ದ.

"ಡಬ್ಬಿಯೊಳಗ ಸ್ಟಿಕ್ಕರ್ ಬರ್ತಾವಲ್ಲ, ಅದನ್ನೇ ಅಂಟಿಸಿದರೆ ಎಂತ?" ಎಂದು, ಅವನದೇ ರಾಗದಲ್ಲಿ ಅಣಕಿಸಿ ಕೇಳಿದೆ.

"ಅವು ಇಂಗ್ಲೆಂಡಿನವ್ರ ಗುರ್ತು. ಬರ್ಮಾ ಯುದ್ಧದಾಗ ನಮ್ಮ ಹುಡುಗ್ರೂ ಇದನ್ನ ಹಾರಿಸ್ಯಾರ. ಅವ್ರ ಗುರ್ತು ಯಾವ ಡಬ್ಬ್ಯಾಗೂ ಬರಂಗಿಲ್ರಿ. ನಾವ ಮಾಡ್ಕೋಬೇಕು."

ಆ 'ನಾವ' ನನಗೆ ಹಿಡಿಸಿತು. ಈ ಸಲ ಅವನೇ ತಂದ, ನೀರಿನಲ್ಲಿ ಬಣ್ಣ ಜಾರಿಬಿಡುವ ಕಾಗದದ ಮೇಲೆ ಮತ್ತೆ ಪ್ರಿಂಟ್ ಮಾಡಿಕೊಟ್ಟೆ. ಅವನು ಅಂಗಡಿಯಲ್ಲೇ ಚೂರನ್ನು ನೀರಿಗೆ ಅದ್ದಿ, ರೆಕ್ಕೆಯ ಮೇಲಿಟ್ಟು, ನನ್ನ ಬೆರಳು ಕೇಳಿದ.

"ಒತ್ತಬ್ಯಾಡ್ರಿ. ಸುಮ್ನ ಮುಟ್ಟ್ರಿ. ತಾನ ಜಾರ್ತದ."

ಕಾಗದದಿಂದ ಬಣ್ಣದ ಪೊರೆ ಜಾರಿ ರೆಕ್ಕೆಗೆ ಕೂತಿತು. ತಲೆ ಎತ್ತಿದರೆ ಅವನು ರೆಕ್ಕೆ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದ. ಸಿಕ್ಕಿಬಿದ್ದು ತಟ್ಟನೆ ಬಸ್ಸಿನ ಸ್ಟಿಕ್ಕರುಗಳ ಕಡೆ ತಿರುಗಿದ.

ಆಮೇಲೆ ವಿಮಾನಗಳು ಒಂದರ ಹಿಂದೆ ಒಂದು ಬಂದವು. ಕೆಲವಕ್ಕೆ ನಿಜವಾಗಿ ಸ್ಟಿಕ್ಕರ್ ಬೇಕಿರಲೇ ಇಲ್ಲ. ಅಲೆಕ್ಸಾಂಡರ್ ಮೀಸೆಯಡಿಯಲ್ಲಿ ನಗುತ್ತ ಚಾ ತರಲು ಹೋಗುತ್ತಿದ್ದರು.

ಒಂದು ದಿನ ಮಲ್ಲಿನಾಥ ಸಾಸಿವೆಯಷ್ಟು ಅಕ್ಷರದ ಆರ್ಡರ್ ತಂದ. ಪೈಲಟ್ ಕೂರುವ ಜಾಗದ ಕೆಳಗೆ ಬರಬೇಕಂತೆ. ಓದಿದರೆ, ತೃಪ್ತಿ. ನನ್ನ ಹೆಸರು.

"ಇದು ಯಾವ ಸ್ಕ್ವಾಡ್ರನ್?"

"ನಂದ್ರಿ." ಅವನು ಚೀಟಿಯನ್ನು ನನ್ನ ಕಡೆ ಸರಿಸಿದ. "ನಿಮ್ಮನ್ನ ಬಿಟ್ಟು ನಂಗ ಬ್ಯಾರೆ ಯಾರೂ ಬ್ಯಾಡ."

ನನಗೂ ಬೇರೆ ಯಾರೂ ಬೇಡವಾಗಿತ್ತು. ಅದನ್ನು ಅಲ್ಲೇ ಹೇಳಿದೆ. ಅವತ್ತು ಸಂಜೆ ಕಾಪುವಿನ ನಮ್ಮ ಮನೆಯಲ್ಲೂ ಹೇಳಿದೆ.

ಅಪ್ಪ ದೇಜಪ್ಪ ಬಲೆ ನೇಯುತ್ತಿದ್ದವರು ಕೈ ನಿಲ್ಲಿಸಿದರು. "ಘಟ್ಟದವನಾ?"

ನಮ್ಮ ಕರಾವಳಿಯ ಕಡೆ, ಘಟ್ಟದ ಮೇಲಿನಿಂದ ಬಂದ ಒಬ್ಬನನ್ನು ಬಾಗಿಲ ಹೊರಗೆ ನಿಲ್ಲಿಸಲು ಆ ಒಂದು ಶಬ್ದ ಸಾಕು. ಘಟ್ಟ ಹತ್ತಿ ಹೋದ ನಮ್ಮ ಮೀನಿಗೆ ಮಾತ್ರ ಅಲ್ಲಿ ಯಾರೂ ಹೆಸರಿಟ್ಟವರಿಲ್ಲ.

"ಹೌದು, ಘಟ್ಟದವ. ಅವನನ್ನೇ ಮದುವೆಯಾಗುವುದು."

"ನಾನು ಊರಲ್ಲಿ ತಲೆ ಎತ್ತಿ ನಡೆಯುವುದು ಬೇಡವಾ? ಇನ್ನು ಅವನ ಹೆಸರು ಎತ್ತಬೇಡ."

ಅಮ್ಮ ಅಮ್ಮಣ್ಣಿ ನಾಳೆಯ ಮಾರ್ಕೆಟಿಗೆಂದು ಮೀನು ಬುಟ್ಟಿ ತೊಳೆಯುತ್ತ ಎಲ್ಲ ಕೇಳಿಸಿಕೊಂಡಳು.

ಮರುದಿನ ಅಂಗಡಿಯಲ್ಲಿ ಇದನ್ನು ಕೇಳಿ ಮಲ್ಲಿನಾಥನ ಮುಖ ಬಾಡಿತು. "ನಿಮ್ಮಪ್ಪಾರಿಗೆ ನನ್ನಿಂದ ಅವಮಾನ ಬ್ಯಾಡ. ನಾ ದೂರ ಇರ್ತೀನಿ."

"ದೂರ ಇರುವವ ಹೆಸರು ಯಾಕೆ ಬರೆಸಿದ್ದು? ಅದೂ ಭೂತಗನ್ನಡಿ ಹಿಡಿದರೆ ಮಾತ್ರ ಕಾಣುವಷ್ಟು. ಎಷ್ಟು ಹೆದರಿಕೆ ಮಾರಾಯ ನಿನಗೆ?"

ಮೊದಲ ಸಲ 'ನಿನಗೆ' ಅಂದಿದ್ದೆ. ಅವನೂ ಅದನ್ನು ಕೇಳಿಸಿಕೊಂಡ, ನಾನೂ ಕೇಳಿಸಿಕೊಂಡೆ.

ಕೆಂಪು ರೇಡಿಯಂ ಶೀಟು ಎಳೆದೆ. ಬಸ್ಸಿಗೆ ಹಾಕುವ ಅಳತೆಯಲ್ಲಿ ಎರಡು ಹೆಸರು ಕತ್ತರಿಸಿ, ಅವನ ಹಳೆ ಸ್ಕೂಟರಿನ ಎದುರಿಗೇ ಅಂಟಿಸಿದೆ.

"ನಡಿ, ಕಾಪುವಿಗೆ."

"ಈಗ? ಹಾಡಹಗಲ?"

"ಹಾಡಹಗಲಲ್ಲದಿದ್ದರೆ ಯಾರಿಗೆ ಕಾಣ್ತದೆ?"

ಅವನು ನನ್ನನ್ನು ಒಂದು ಗಳಿಗೆ ನೋಡಿ, ಕಿಕ್ ಹೊಡೆದ. ಹೈವೇಯಲ್ಲಿ ಅವನ ಹೆಗಲು ಹಿಡಿದು ಬೇಕೆಂದೇ ನೆಟ್ಟಗೆ ಕೂತೆ. ಎದುರು ಬಂದವರು ಓದಿ, ತಿರುಗಿ ತಿರುಗಿ ನೋಡಿದರು. ನೋಡಲಿ.

ಕಾಪುವಿನ ಮೀನು ಮಾರ್ಕೆಟಿನ ಎದುರು ಅಮ್ಮನೇ ಅಡ್ಡ ಬಂದಳು, ಕೈಯಲ್ಲಿ ಬಂಗುಡೆ ಮೀನಿನ ಬುಟ್ಟಿ ಹಿಡಿದುಕೊಂಡೇ. ಮಾರುವ ಹೆಂಗಸರೆಲ್ಲ ವ್ಯಾಪಾರ ಬಿಟ್ಟು ಸುತ್ತ ನಿಂತರು. ಅಮ್ಮ ಕೆಂಪು ಅಕ್ಷರಗಳನ್ನು ನೋಡಿದಳು. ಅವಳಿಗೆ ಓದು ಬಾರದು.

"ಎಂತ ಬರೆದದ್ದು?" ಎಂದು ನೇರ ಅವನನ್ನೇ ಕೇಳಿದಳು.

ನಾನು ಬಾಯಿ ತೆರೆದೆ. "ನೀನಲ್ಲ, ಅವನು ಹೇಳಲಿ," ಎಂದಳು.

ಈಗ ಅವನು ತಲೆ ತಗ್ಗಿಸಿದರೆ ಎಲ್ಲ ಮುಗಿಯಿತು.

"ಮಲ್ಲಿನಾಥ," ಎಂದ. "ತೃಪ್ತಿ."

"ಕೇಳುವುದಿಲ್ಲ, ಜೋರು ಹೇಳು," ಎಂದಳು ಅಮ್ಮ.

ಅವನು ಸ್ಕೂಟರಿನಿಂದ ಇಳಿದು ನೆಟ್ಟಗೆ ನಿಂತ. ಮಾರ್ಕೆಟಿನ ಕೊನೆಯವರೆಗೂ ಕೇಳುವ ಹಾಗೆ ಹೇಳಿದ: "ಮಲ್ಲಿನಾಥ, ತೃಪ್ತಿ. ನಿಮ್ಮ ಮಗಳನ್ನ ಮದುವಿ ಆಗಾಂವ ನಾನ."

ಅಮ್ಮ ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ, ಸೆರಗಿಗೆ ಕೈ ಒರೆಸಿಕೊಂಡಳು.

"ಮನೆಗೆ ನಡಿ. ಇವಳ ಅಪ್ಪನ ಎದುರೂ ಇಷ್ಟೇ ಜೋರು ಹೇಳಬೇಕು. ನಾನು ಪಕ್ಕದಲ್ಲಿರ್ತೇನೆ."

"ಹೇಳ್ತೀನ್ರಿ, ಅತ್ತಿ," ಎಂದ ಮಲ್ಲಿನಾಥ.