ಐದು ಗುಂಡಿಯ ಕುರ್ಚಿ

ಬಣ್ಣದ ಖಾಲಿ ಡಬ್ಬವನ್ನು ಬೋರಲು ಹಾಕಿ ಅದರ ಮೇಲೆ ಅವಳು ಕೂತಿದ್ದಳು, ಮಹಾರಾಣಿ ಸಿಂಹಾಸನದ ಮೇಲೆ ಕೂತ ಹಾಗೆ. ಅವಳ ಮುಂದೆ ನಮ್ಮ ಮೇಸ್ತ್ರಿ ಮಂಡಿಯೂರಿ ನೆಲದ ಮೇಲೆ ಗೇಣು ಹಾಕುತ್ತಿದ್ದರು. ಒಂದು ಗೇಣು, ಎರಡು ಗೇಣು, ಆಮೇಲೆ ನಾಲ್ಕು ಬೆರಳು. ಅವಳು ಏನೋ ಅಂದಳು. ಅವರು ನಕ್ಕರು.

ಏಳು ತಿಂಗಳಿಂದ ಆ ಮನುಷ್ಯನ ಪಕ್ಕದಲ್ಲೇ ಕೂತು ಹೊಲಿದಿದ್ದೇನೆ. ಅವರ ಬಾಯಲ್ಲಿ ಅಷ್ಟೊಂದು ಹಲ್ಲಿದೆ ಎಂದು ನನಗೆ ಗೊತ್ತಾದದ್ದು ಅವತ್ತೇ.

ಸೂಜಿ ಬೆರಳಿಗೆ ನಟ್ಟಿತು. ಒಂದು ಬಿಂದಿಗೆ ರಕ್ತ ಹೋಯಿತು. ನನ್ನ ಮಗಳು ನೋಡಿ, ಒಂದು ತೊಟ್ಟು ಎಂದಳು. ಅವಳಿಗೇನು ಗೊತ್ತು, ಬೆರಳು ನನ್ನದು.

ಅದು ಹಳೆಯ ಪ್ರವಾಸಿ ಹಡಗು. ಹೊಸದು ಮಾಡುವುದಕ್ಕೆ ತಂದು ಬಂದರಿನ ವರ್ಕ್‌ಶಾಪಿನಲ್ಲಿ ನಿಲ್ಲಿಸಿದ್ದರು. ನಮ್ಮ ಕೆಲಸ ಅದರ ನೆತ್ತಿಯ ಮೇಲಿನ ದೊಡ್ಡ ಹಾಲಿನಲ್ಲಿ. ಬಾಗಿಲ ಮೇಲೆ ಹಿತ್ತಾಳೆ ಅಕ್ಷರದಲ್ಲಿ ಅಬ್ಸರ್ವೇಷನ್ ಲೌಂಜ್ ಎಂದು ಬರೆದಿದೆಯಂತೆ. ಅಷ್ಟುದ್ದದ ಹೆಸರು ನನ್ನ ಬಾಯಲ್ಲಿ ಹಿಡಿಸುವುದಿಲ್ಲ, ನಾನು ಗಾಜಿನ ಮನೆ ಅನ್ನುತ್ತೇನೆ. ಮೂರು ಕಡೆ ನೆಲದಿಂದ ಸೂರಿನವರೆಗೆ ಗಾಜು. ನಾಲ್ಕನೇ ಕಡೆ ಹಾಡುವವರಿಗೆ ವೇದಿಕೆ. ನಡುವೆ ಕುಣಿಯುವುದಕ್ಕೆ ಮರದ ನೆಲ. ಈ ಕಡೆ ನೋಡಿದರೆ ಸಮುದ್ರ, ಆ ಕಡೆ ನೋಡಿದರೆ ಹಾಡು. ಹಡಗು ಹತ್ತುವವರಿಗೆ ಒಂದು ಸಾಲದು, ಎರಡೂ ಬೇಕು.

ಅರವತ್ತನಾಲ್ಕು ಕುರ್ಚಿ. ಮರದ ಚೌಕಟ್ಟು ಮೇಸ್ತ್ರಿಯದು. ಸ್ಪಂಜು ತುಂಬಿ ಬಟ್ಟೆ ಹೊಲಿಯುವುದು ನಾನು. ಹಡಗಿನ ಕುರ್ಚಿಯನ್ನು ಮನೆಯ ಕುರ್ಚಿಯ ಹಾಗೆ ಅತ್ತಿತ್ತ ಎಳೆದಾಡುವ ಹಾಗಿಲ್ಲ. ಅಲೆ ಬಂದರೆ ಜಾರಬಾರದು ಎಂದು ನೆಲಕ್ಕೆ ಬೋಲ್ಟು ಹಾಕಿ ಬಿಗಿಯುತ್ತಾರೆ. ಬಿಗಿದ ಮೇಲೆ ಅದರ ಎತ್ತರ ಅಷ್ಟೇ, ಅದರ ದಿಕ್ಕೂ ಅಷ್ಟೇ. ಅದಕ್ಕೇ ಮೇಸ್ತ್ರಿ ಒಂದೊಂದಕ್ಕೂ ಹತ್ತು ಸಲ ಅಳೆಯುತ್ತಿದ್ದರು. ಟೇಪು ಜೇಬಿನಲ್ಲಿ ನಿದ್ದೆ ಮಾಡುತ್ತಿರುತ್ತದೆ, ಅಳೆಯುವುದೆಲ್ಲ ಕೈಯಲ್ಲಿ. ಗೇಣು ಮೇಸ್ತ್ರಿ ಎಂದೇ ಎಲ್ಲರೂ ಕರೆಯುವುದು.

ಅವರ ಹೆಂಡತಿ ಹೋಗಿ ಹನ್ನೆರಡು ವರ್ಷ. ನಮ್ಮ ಯಜಮಾನರು ಹೋಗಿ ಒಂಬತ್ತು. ಮೇಸ್ತ್ರಿ ಇಡೀ ದಿನದಲ್ಲಿ ಆಡುವ ಮಾತನ್ನು ನಾನು ಒಂದು ಗುಟುಕು ಚಹಾ ಇಳಿಯುವುದರೊಳಗೆ ಆಡಿ ಮುಗಿಸುತ್ತೇನೆ. ನನ್ನ ಎಡಗಿವಿ ಮಂದ. ನಲವತ್ತು ವರ್ಷ ಹೊಲಿಗೆ ಮಿಷನ್ನು ಆ ಕಿವಿಯಲ್ಲೇ ಗುಟುರು ಹಾಕಿದೆ. ಅದು ಹೇಗೋ ಅವರಿಗೆ ಗೊತ್ತಾಗಿತ್ತು, ಚಹಾ ಹೊತ್ತಿನಲ್ಲಿ ಯಾವಾಗಲೂ ಬಲಕ್ಕೇ ಬಂದು ಕೂರುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಕೂರುವ ಸ್ಟೂಲು ಎತ್ತರವಾಗಿ ಕಾಲು ತೊಟ್ಟಿಲ ಮಗುವಿನ ಹಾಗೆ ನೇತಾಡುತ್ತಿದ್ದವು. ಒಂದು ಸಂಜೆ ಸ್ಟೂಲು ಮಾಯ. ಬೆಳಗ್ಗೆ ನೋಡಿದರೆ ನಾಲ್ಕು ಬೆರಳು ಗಿಡ್ಡವಾಗಿ ಬಂದು ನಿಂತಿದೆ. ಕಾಲ ತುದಿಯಲ್ಲಿ ಮೇಸ್ತ್ರಿಯ ಗರಗಸದ ಹೊಸ ಗುರುತು. ಅವತ್ತು ನನ್ನ ಕಾಲು ನೆಲ ಮುಟ್ಟಿತು. ಮನಸ್ಸು ಮಾತ್ರ ನೆಲ ಬಿಟ್ಟಿತು.

ಅಲ್ಲಿಯತನಕ ಎಲ್ಲ ಸರಿಯಾಗಿತ್ತು. ಆಮೇಲೆ ಬಂದಳು ಈ ಹಾಡುವವಳು. ಹಡಗು ಹೊರಟ ಮೇಲೆ ದಿನಾ ಸಂಜೆ ಹಾಡುವ ಕೆಲಸ ಅವಳದು. ದೀಪದ ಕಂಬಕ್ಕೆ ಸೀರೆ ಸುತ್ತಿದಷ್ಟು ಎತ್ತರ. ಕಾಲು ಸೊಂಟದಿಂದಲ್ಲ, ಕತ್ತಿನಿಂದಲೇ ಶುರುವಾಗುತ್ತವೆ. ನಾನು ಮನಸ್ಸಿನಲ್ಲೇ ಕೊಕ್ಕರೆ ಎಂದು ಹೆಸರಿಟ್ಟೆ. ಅವಳಿಗೆ ನಲವತ್ತೈದಂತೂ ದಾಟಿದೆ, ನನ್ನನ್ನು ಅಜ್ಜಿ ಎಂದು ಕರೆಯುತ್ತಾಳೆ!

ಡಬ್ಬದ ಮೇಲೆ ಅವಳು ಕೂತಿದ್ದ ಆ ದಿನವೇ, ಮಧ್ಯಾಹ್ನದ ಮೇಲೆ, ಮೇಸ್ತ್ರಿ ಒಂದು ಚೌಕಟ್ಟು ಹೊತ್ತು ತಂದರು.

"ಹೊಲಿಗೆಯೋರೇ, ಇನ್ನೊಂದಿದೆ."

"ಅರವತ್ನಾಕೇ ಅಂದಿದ್ರಿ?"

"ಇದು ಬೇರೆ. ಆ ಮೂಲೇಲಿ ಗಾಜಿನ ಪಕ್ಕ ಹಾಕೋದು."

ಕೊಕ್ಕರೆ ಕೂತಿದ್ದ ಮೂಲೆ ಅದು.

"ಯಾರಿಗೆ?"

ಅವರ ಕಿವಿ ಕೆಂಪಾಯಿತು. ಅಷ್ಟು ಕೆಂಪು ನಾನು ಬೇರೆಲ್ಲೂ ಕಂಡಿಲ್ಲ. "ಒಬ್ರಿಗೆ."

"ಓಹೋ. ಒಬ್ರಿಗೆ."

"ಪಕ್ಕದಲ್ಲಿ ಒಂದು ಜೇಬು ಇರ್ಲಿ. ಇಷ್ಟಗಲ." ನಾಲ್ಕು ಬೆರಳು ತೋರಿಸಿದರು.

"ಲಿಪ್‌ಸ್ಟಿಕ್ ಇಡೋಕಾ?"

"ಆಂ?"

"ಏನಿಲ್ಲ. ಬಟ್ಟೆ ಯಾವುದು?"

"ನಿಮಗಿಷ್ಟ ಬಂದಿದ್ದು ಹಾಕಿ."

"ನನ್ನಿಷ್ಟ ಕಟ್ಕೊಂಡು ಏನ್ಮಾಡ್ತೀರ? ಕೂರೋರಿಗೆ ಇಷ್ಟ ಆಗ್ಬೇಡ್ವೇ?"

"ನಿಮಗಾದ್ರೆ ಅವರಿಗೂ ಆಗತ್ತೆ," ಎಂದು ಹೇಳಿ, ಒಂದು ತಿಂಗಳ ಮಾತು ಒಂದೇ ಸಲ ಖರ್ಚಾದವರ ಹಾಗೆ ಓಡಿಯೇ ಹೋದರು.

ಕೇಳಿದಿರಾ! ನನ್ನ ಕಣ್ಣಲ್ಲಿ ಆರಿಸಿ ಅವಳ ಬೆನ್ನಿಗೆ ಹಾಸಬೇಕಂತೆ!

ನನ್ನ ಮಗಳು ಅಲ್ಲೇ ಏಣಿ ಹತ್ತಿ ಸೂರಿಗೆ ದೀಪ ಕೂರಿಸುತ್ತಿದ್ದಳು. ಕರೆಂಟಿನ ಕೆಲಸ ಅವಳದು. ಮೇಲಿಂದಲೇ ಶುರು ಮಾಡಿದಳು.

"ಅಮ್ಮಾ, ಹೊಟ್ಟೆ ಉರಿದ ವಾಸನೆ ಇಲ್ಲೀತನಕ ಬರ್ತಿದೆ."

"ನಿನ್ನ ವೈರು ಸುಡ್ತಿರ್ಬೇಕು, ನೋಡ್ಕೋ."

"ನನ್ನ ವೈರು ತಣ್ಣಗಿದೆ. ಮೇಸ್ತ್ರಿ ಹಡಗಿನ ಜೊತೇಲೇ ಹೋಗ್ತಾರಂತೆ, ಗೊತ್ತಾ? ಹಡಗಿನ ಬಡಗಿ ಕೆಲಸ ಕೊಟ್ಟಿದಾರಂತೆ."

ಕತ್ತರಿ ಕೈಯಲ್ಲೇ ನಿಂತಿತು. "ಯಾರು ಹೇಳಿದ್ದು?"

"ಹಾಡೋರು."

ಹಾಗಾದರೆ ಅವಳಿಗೆ ಮೊದಲು ಗೊತ್ತು. ಶುಕ್ರವಾರ ಹಡಗನ್ನು ಒಂದು ಸುತ್ತು ಓಡಿಸಿ ನೋಡುತ್ತಾರೆ, ಭಾನುವಾರ ಜನ ಹತ್ತಿಸಿಕೊಂಡು ಹೊರಡುತ್ತದೆ. ಕಟ್ಟಿದ ನಾವೆಲ್ಲ ಇಳಿಯಬೇಕು. ಮೇಸ್ತ್ರಿ ಅಲ್ಲಿ, ಕೊಕ್ಕರೆಯೂ ಅಲ್ಲಿ, ನಾನು ದಡದಲ್ಲಿ. ಇನ್ನು ನನ್ನ ಬಲಕ್ಕೆ ಕೂತು ಚಹಾ ಕುಡಿಯುವವರು ಯಾರು? ಅರವತ್ತಮೂರನೇ ವಯಸ್ಸಿನಲ್ಲಿ ಕೇಳಿಕೊಳ್ಳುವ ಪ್ರಶ್ನೆಯೇ ಇದು?

ಸರಿ. ಕೂರಲಿ ಮಹಾರಾಣಿ. ಚೆನ್ನಾಗಿ ಕೂರಲಿ.

ಹಳೆಯ ಕುರ್ಚಿಗಳಿಂದ ಕಿತ್ತ ನಾರು ಒಂದು ಮೂಟೆ ಮೂಲೆಯಲ್ಲಿತ್ತು. ಐವತ್ತು ವರ್ಷ ಜನರ ಭಾರ ಹೊತ್ತು ಹೊತ್ತು ಕಬ್ಬಿಣದ ಹಾಗೆ ಗಟ್ಟಿಯಾದ ನಾರು. ಹೊಸ ಸ್ಪಂಜನ್ನು ಪಕ್ಕಕ್ಕಿಟ್ಟು ಅದನ್ನೇ ತುರುಕಿದೆ. ಅದೂ ಸಾಲದೆನಿಸಿತು. ಕುರ್ಚಿಗೆ ಗುಂಡಿ ಹಾಕುವುದು ಬೆನ್ನಿಗೆ, ಅಂದಕ್ಕೆ. ನಾನು ಪೆಟ್ಟಿಗೆ ಹುಡುಕಿ ಅತೀ ದಪ್ಪನೆಯ ಐದು ಗುಂಡಿ ತೆಗೆದು ಕೂರುವ ಜಾಗಕ್ಕೇ ಹೊಲಿದೆ. ನಾಲ್ಕು ಮೂಲೆಗೆ ನಾಲ್ಕು, ಮಧ್ಯಕ್ಕೊಂದು. ಮೇಲಿಂದ ನೋಡಿದರೆ ಹೂವು. ಕೂತರೆ ಗೊತ್ತಾಗಬೇಕು.

ಬಟ್ಟೆ ಮಾತ್ರ ಕೆಟ್ಟದ್ದು ಹಾಕಲು ಕೈ ಬರಲಿಲ್ಲ. ಸಂಜೆ ಕೆಂಪಿನ ಒಂದು ತುಂಡಿತ್ತು, ಏಳು ತಿಂಗಳಿಂದ ಯಾರಿಗೂ ಕೊಡದೆ ಮುಚ್ಚಿಟ್ಟಿದ್ದೆ. ಬೇಡ ಬೇಡ ಎಂದರೂ ಕೈ ಅದನ್ನೇ ಎತ್ತಿಕೊಂಡಿತು. ಹೊಲಿಯುವಾಗ ಕಣ್ಣಲ್ಲಿ ನೀರು ಬಂತು. ಎಷ್ಟು ಎನ್ನುತ್ತೀರಿ, ಹಡಗು ಅಲ್ಲೇ ತೇಲಬೇಕಿತ್ತು.

ಶುಕ್ರವಾರ ಬಂತು. ಕೆಲಸ ಮಾಡಿದವರನ್ನೆಲ್ಲ ಮನೆಯವರ ಸಮೇತ ಹತ್ತಿಸಿಕೊಂಡು ಹಡಗು ಮಧ್ಯಾಹ್ನ ಹೊರಟಿತು. ಗಾಜಿನ ಮನೆ ತುಂಬ ಬೆಳಕು. ಕೆಳಗೆ ಸಮುದ್ರ ಹೊಸ ರೇಷ್ಮೆಯ ಹಾಗೆ ಮಡಿಕೆ ಮಡಿಕೆಯಾಗಿ ಸರಿಯುತ್ತಿತ್ತು. ನಾನು ಬಾಗಿಲ ಹತ್ತಿರ, ಮಗಳ ಬೆನ್ನ ಹಿಂದೆ ನಿಂತಿದ್ದೆ. ಮುಖ ತೋರಿಸಲು ಮನಸ್ಸಿರಲಿಲ್ಲ.

ಮೇಸ್ತ್ರಿ ಬಂದರು. ಇಸ್ತ್ರಿ ಅಂಗಿ, ಬಾಚಿದ ತಲೆ. ಆ ಮೂವತ್ತೆಂಟು ಕೂದಲನ್ನು ಒಂದೊಂದಾಗಿ ಬಾಚಿದ್ದರು.

"ಬನ್ನಿ."

"ಎಲ್ಲಿಗೆ?"

"ಬನ್ನಿ ಅಂದ್ರೆ."

ಕಿಟಕಿಯ ಮೂಲೆಗೆ ಕರೆದುಕೊಂಡು ಹೋದರು. ನನ್ನ ಸಂಜೆ ಕೆಂಪಿನ ಕುರ್ಚಿ ಅಲ್ಲಿ ಬೋಲ್ಟು ಬಿಗಿಸಿಕೊಂಡು ಕೂತಿತ್ತು, ನನ್ನ ಪಾಪವೇ ಮೈತಾಳಿದ ಹಾಗೆ.

"ಕೂತ್ಕೊಳ್ಳಿ."

"ನಾನಾ?"

"ಮತ್ತೆ?"

"ಇದು ಅವರದ್ದಲ್ವಾ?" ವೇದಿಕೆಯ ಕಡೆಗೆ ಗದ್ದ ತೋರಿಸಿದೆ.

"ಅವರದ್ಯಾಕೆ ಆಗತ್ತೆ?"

ಐದು ಗುಂಡಿಗಳೂ ಐದು ಕಣ್ಣಾಗಿ ನನ್ನನ್ನೇ ನೋಡಿದವು.

"ನಾ ನಿಂತೇ ಇರ್ತೀನಿ. ಕೂತ್ರೆ ಮಂಡಿ ನೋವು ನನಗೆ."

"ನಿಂತ್ರೆ ಮಂಡಿ ನೋವು ಅಂತ ನಿನ್ನೆ ತಾನೇ ಹೇಳಿದ್ದೆ," ಎಂದಳು ನನ್ನ ಹೊಟ್ಟೆಯಲ್ಲಿ ಹುಟ್ಟಿದ ಶತ್ರು.

ಅಷ್ಟರಲ್ಲಿ ಹಾಡುವವಳೇ ವೇದಿಕೆ ಇಳಿದು ಬಂದಳು. ಬೇರೆ ದಾರಿ ಕಾಣದೆ ಅವಳ ಕೈ ಹಿಡಿದು ಎಳೆದೆ. "ನೀವು ಕೂತ್ಕೊಳ್ಳಮ್ಮಾ, ದೊಡ್ಡ ಕಲಾವಿದೆ!"

ಕೂತಳು. ಮಂಡಿ ಎರಡೂ ಗದ್ದಕ್ಕೆ ಬಂದವು. ಮರುಕ್ಷಣವೇ ಚಂಗನೆ ಎದ್ದಳು.

"ಅಯ್ಯಪ್ಪಾ! ಒಳಗೇನಿಟ್ಟಿದೀರ ಅಜ್ಜಿ, ಕಲ್ಲಾ? ಮತ್ತೆ ಇದು ನನ್ನ ಅಳತೇನೂ ಅಲ್ಲ. ನಿಮ್ಮದು. ಆ ಡಬ್ಬದ ಮೇಲೆ ನನ್ನ ಕೂರ್ಸಿ, ವೇದಿಕೆ ಮೇಲೆ ಎಂಟು ಸಲ ನನ್ನ ಹಾಡಿನ ಟೇಪ್ ರೆಕಾರ್ಡು ಹಾಕ್ಸಿದಾರೆ ಇವರು. ವೇದಿಕೆ ಮೇಲಿನ ಹಾಡು ಆ ಮೂಲೇಲಿ ಬಲಗಿವಿಗೆ ಚೆನ್ನಾಗಿ ಕೇಳತ್ತಾ, ಬಲಗಿವಿಗೆ ಕೇಳತ್ತಾ ಅಂತ ಒಂದೇ ಸಮ. ನನಗೆ ಎರಡು ಕಿವಿ ಇದಾವೆ ಮೇಸ್ತ್ರಿ ಅಂದೆ. ಅದಕ್ಕೇ ನಕ್ಕಿದ್ದು ಅವರು."

ಹೇಳಿ, ಹಾಡುವುದಕ್ಕೆ ಹೋದಳು.



ಮೆಲ್ಲಗೆ ಕೂತೆ. ಎರಡೂ ಪಾದ ನೆಲದ ಮೇಲೆ ಸರಿಯಾಗಿ ಊರಿದವು, ನನ್ನ ಸ್ಟೂಲಿನ ಮೇಲೆ ಕೂತಾಗ ಊರುವ ಹಾಗೆ. ಉಳಿದವಕ್ಕಿಂತ ನಾಲ್ಕು ಬೆರಳು ಗಿಡ್ಡ! ನಲವತ್ತು ವರ್ಷ ಕೊರಳಿಗೆ ಟೇಪು ಹಾಕಿಕೊಂಡವಳು ನಾನು. ರಸ್ತೆಯಲ್ಲಿ ಹೋಗುವವರ ಸೊಂಟದ ಅಳತೆ ಕಣ್ಣಲ್ಲೇ ಹೇಳುತ್ತೇನೆ. ಇಡೀ ದಿನ ಮಡಿಲಲ್ಲಿಟ್ಟುಕೊಂಡು ಹೊಲಿದರೂ ಆ ಚೌಕಟ್ಟಿನ ಎತ್ತರ ನನಗೆ ಕಂಡಿರಲಿಲ್ಲ. ಕೊಕ್ಕರೆಗೆ ಗುಬ್ಬಚ್ಚಿಯ ಕುರ್ಚಿ ಯಾರಾದರೂ ಮಾಡುತ್ತಾರೆಯೇ?

ಎಡಕ್ಕೆ ಸಮುದ್ರ. ಬಲಕ್ಕೆ ವೇದಿಕೆ. ಅವಳು ಹಾಡು ಎತ್ತಿಕೊಂಡಳು, ಒಂದು ಅಕ್ಷರ ಬಿಡದೆ ನನ್ನ ಬಲಗಿವಿಯೊಳಗೆ ಬಂದು ಕೂತಿತು. ಪಕ್ಕದ ಜೇಬಿಗೆ ಕೈ ಹೋಯಿತು. ಕನ್ನಡಕದ ಡಬ್ಬ ಇಟ್ಟು ನೋಡಿದೆ. ಅಳೆದ ಹಾಗೆ ಕೂತಿತು. ಅಳೆದೇ ಮಾಡಿಸಿದ್ದರಲ್ಲ.

ಮತ್ತೆ ಆ ಐದು ಗುಂಡಿ! ಅಬ್ಬಬ್ಬಾ, ಒಂದೊಂದೂ ಒಂದೊಂದು ಬಂಡೆ. ಕಣ್ಣಲ್ಲಿ ನೀರು ಬಂದದ್ದು ಯಾವುದಕ್ಕೆ ಎಂದು ನನಗೇ ಗೊತ್ತಾಗಲಿಲ್ಲ.

"ಹೇಗಿದೆ?" ಎಂದರು.

"ಚೆನ್ನಾಗಿದೆ."

"ನಿಜವಾಗ್ಲೂ?"

"ಮೆತ್ತಗಿದೆ. ಬೆಣ್ಣೆ."

ಅವರು ನನ್ನ ಬಲಕ್ಕೆ ಬಂದು ನೆಲದ ಮೇಲೆ ಕೂತರು. ಗಾಜಿನ ಆಚೆ ನೋಡುತ್ತಾ ಹೇಳಿದರು. "ಬೋಲ್ಟ್ ಹಾಕಿ ನಾನೂ ಕೂತು ನೋಡ್ದೆ."

ಸತ್ತೆ ಎಂದುಕೊಂಡೆ.

"ಎದ್ದು ಅರವತ್ನಾಲ್ಕರ ಮೇಲೂ ಕೂತು ನೋಡ್ದೆ. ಎಲ್ಲಾ ಹತ್ತಿ ಥರ. ಇದೊಂದೇ ಹಿಂಗೆ. ನಿಮ್ಮ ಕೈ ತಪ್ಪು ಮಾಡಲ್ಲ, ಹಂಗಾದ್ರೆ ಬೇಕೂಂತ್ಲೇ ಮಾಡಿರೋದು. ಯಾಕೆ ಮಾಡಿದ್ರು ಅಂತ ಎರಡು ದಿನ ಯೋಚ್ನೆ ಮಾಡ್ದೆ."

"ಏನು ಗೊತ್ತಾಯ್ತು?" ನನ್ನ ದನಿ ನನಗೇ ಕೇಳಿಸಲಿಲ್ಲ.

"ಯಾರೋ ಕೂರ್ತಾರೆ ಅಂದ್ಕೊಂಡು ಹೊಟ್ಟೆ ಉರ್ಕೊಂಡಿದೀರಿ. ನನ್ನ ಬಗ್ಗೆ ಮನಸ್ಸಲ್ಲಿ ಏನೂ ಇಲ್ದೇ ಇದ್ದಿದ್ರೆ ಸ್ಪಂಜೇ ತುಂಬ್ತಿದ್ರಿ." ಈಗ ತಿರುಗಿ ನೋಡಿದರು. "ಏಳು ತಿಂಗಳಿಂದ ಕೇಳೋಕೆ ಧೈರ್ಯ ಇರ್ಲಿಲ್ಲ. ಈ ಗುಂಡಿ ಚುಚ್ಚಿದ ಮೇಲೆ ಬಂತು."

"ಏನು ಕೇಳೋಕೆ?"

"ಹಡಗಿಗೆ ಹೊಲಿಯೋರೊಬ್ರು ಬೇಕಂತೆ. ಪರದೆ ಹರಿಯತ್ತೆ, ಕುರ್ಚಿ ಹರಿಯತ್ತೆ. ನಿಮ್ಮ ಹೆಸರು ನಾನು ಕೊಟ್ಟಿಲ್ಲ, ಕೇಳ್ದೆ ಕೊಡೋದು ತಪ್ಪಾಗತ್ತೆ. ಬರ್ತೀರಾ?"

"ಹೊಲಿಯೋಕೆ ಮಾತ್ರಾನಾ?"

ಮತ್ತೆ ಕಿವಿ ಕೆಂಪಾದವು. "ಚಹಾ ಕುಡಿಯೋಕೆ. ಪಕ್ಕದಲ್ಲಿ ಇರೋಕೆ. ನಿಮ್ಮ ಮಾತು ಕೇಳೋಕೆ ನನಗೆ... ಎರಡು ಕಿವಿನೂ ಸರಿಯಿದಾವೆ."

ಮಗಳ ಕಡೆ ನೋಡಿದೆ. ಅವಳು ದೂರದಲ್ಲಿ ನಿಂತು ಹೋಗು ಹೋಗು ಎಂದು ಕೈ ಬೀಸುತ್ತಿದ್ದಳು, ಕೋಳಿ ಓಡಿಸುವ ಹಾಗೆ.

ಸೆರಗಿಗೆ ಸಿಕ್ಕಿಸಿದ್ದ ಚಿಕ್ಕ ಕತ್ತರಿ ತೆಗೆದೆ. ಎದ್ದು ನಿಂತು, ಮಧ್ಯದ ಗುಂಡಿಯ ದಾರ ಕತ್ತರಿಸಿ ಅವರ ಅಂಗೈಯಲ್ಲಿಟ್ಟೆ.

"ಇದು ಹೂಂ ಅಂತಾನಾ?"

"ಇನ್ನೂ ನಾಲ್ಕಿದೆ, ಅವಸರ ಬೇಡ. ನಿಮ್ಮ ನಡತೆ ನೋಡ್ಕೊಂಡು ವಾರಕ್ಕೊಂದು ಬಿಚ್ತೀನಿ. ಹೆಸರು ಇವತ್ತೇ ಕೊಡಿ."

ಅವರು ಬೆರಳು ಮಡಚಿ ಗುಂಡಿಯನ್ನು ಮುಚ್ಚಿಕೊಂಡರು. ಆಮೇಲೆ ನನ್ನ ಕೈ ಹಿಡಿದು ಅಂಗೈ ಬಿಡಿಸಿ, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ತಮ್ಮ ಕೈಯಿಟ್ಟು ಗೇಣು ಅಳೆದರು. ಟೇಪು ಜೇಬಿನಲ್ಲೇ ಇತ್ತು.

ಭಾನುವಾರ ಹಡಗು ಹೊರಟಾಗ ನಾನು ದಡದಲ್ಲಿರಲಿಲ್ಲ.

ನಾಲ್ಕು ವಾರಕ್ಕೆ ಉಳಿದ ಗುಂಡಿಗಳೂ ಹೋದವು, ನಾರೂ ಹೋಗಿ ಸ್ಪಂಜು ಬಂತು. ಆದರೆ ಮೊನ್ನೆ ಸಂಜೆ ಕೊಕ್ಕರೆ ಹಾಡುತ್ತಾ ಹಾಡುತ್ತಾ ಮೇಸ್ತ್ರಿಯ ಕಡೆ ನೋಡಿ ನಕ್ಕಳು. ಇವರೂ ನಕ್ಕರು, ಎಲ್ಲ ಹಲ್ಲೂ ಕಾಣುವ ಹಾಗೆ. ನಾನು ಹೊಲಿಗೆ ಪೆಟ್ಟಿಗೆ ಹುಡುಕಿಕೊಂಡು ಹೋದೆ.

ನಿನ್ನೆ ಅವರು ಚಹಾ ಹಿಡಿದು ಬಂದು, ನಾನಿಲ್ಲದ ಹೊತ್ತಿನಲ್ಲಿ ನನ್ನ ಕುರ್ಚಿಯಲ್ಲಿ ಕೂತರು. ಅರ್ಧ ಚಹಾ ಅಂಗಿಯ ಮೇಲೆ ಚೆಲ್ಲಿಕೊಂಡು ಎದ್ದು ನಿಂತು, ತಡವಿ ನೋಡಿದರು. ಮಧ್ಯದಲ್ಲಿ ಒಂದೇ ಒಂದು ಗುಂಡಿ.

ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ ಆ ಏಳು ತಿಂಗಳಲ್ಲೂ ನಗದಷ್ಟು ನಕ್ಕರು. ಆ ಹಲ್ಲೆಲ್ಲ ನನಗೇ.