ಮನೆಯಲ್ಲಿ ಯಾರ್ಯಾರಿದ್ದಾರೆ

"ನಮ್ಮಪ್ಪನ್ನ ಮನಿಯಿಂದ ತಗದ್ ಹಾಕೀರೇನ್ರಿ?"

ಫೋನಿನ ಆ ತುದಿಯಲ್ಲಿ ವಿಶಾಲ ನಕ್ಕ. "ಯಾರ್ರಿ ನಿಮ್ಮಪ್ಪ? ಎಲ್ಲಾರ ಹೆಸರೂ ಅಳಿಸೀವಲ್ಲ. ನನಗ ಬರೇ ಮನಿ ನಂಬರ ಕಾಣತಾವು."

"ನಗಬ್ಯಾಡ್ರಿ," ಎಂದು ಶೈಲಾ ಫೋನ್ ಇಟ್ಟುಬಿಟ್ಟಳು.

ಜನ ತಮ್ಮ ಮನೆಯಲ್ಲಿ ಯಾವ ಹೊತ್ತಿಗೆ ಎಲ್ಲಿರುತ್ತಾರೆ, ಕಿಟಕಿ ಯಾವಾಗ ತೆರೆಯುತ್ತಾರೆ, ಫ್ಯಾನ್ ಯಾವಾಗ ಹಾಕುತ್ತಾರೆ ಎಂದು ಗೋಕಾಕದ ಕಾಲೇಜೊಂದು ಮಾಹಿತಿ ಕೂಡಿಸುತ್ತಿತ್ತು. ಮೇಲವಂಕಿಯ ಮನೆಗಳು ಶೈಲಾಳ ಪಾಲಿಗೆ, ಹುಕ್ಕೇರಿ ತಾಲೂಕಿನ ಹತ್ತರಗಿಯವು ವಿಶಾಲನ ಪಾಲಿಗೆ. ಮೂಡಲಗಿಯ ಮಾಹಿತಿ ಆಗಲೇ ಬಂದಿತ್ತು. ಒಬ್ಬೊಬ್ಬರು ಒಂದೊಂದು ರೀತಿ ಬರೆದದ್ದನ್ನು ಒಂದೇ ಪದ್ಧತಿಗೆ ತಂದು, ಮನೆ ಕಟ್ಟುವ ಯಾರು ಬೇಕಾದರೂ ನೋಡುವಂತೆ ಎಲ್ಲರಿಗೂ ತೆರೆದಿಡಬೇಕಿತ್ತು.

ಆ ನೆವದಲ್ಲಿ ದಿನವೂ ಸಂಜೆ ಫೋನು.

"ಮಾಳಿಗಿ ಮ್ಯಾಲ ಮಲಗಿದ್ರ ಮನಿ ಒಳಗೋ, ಹೊರಗೋ?"

"ನೀವ ಹೇಳ್ರಿ ಶೈಲಾ ಅವರ. ನೀವು ಎಲ್ಲಿ ಮಲಗತೀರಿ?"

"ಅದನ್ನ ಬರಿಯಾಕ ಕಾಲಮ್ ಇಲ್ಲ!"

ಅವಳು ಬೇಕೆಂದೇ ಹೊಸ ಹೊಸ ತಪ್ಪು ಹುಡುಕುತ್ತಿದ್ದಳು. ಫೈಲ್ ಮುಗಿದರೆ ಮಾತೂ ಮುಗಿಯುತ್ತದಲ್ಲ.

ಇವತ್ತಿನದು ಮಾತ್ರ ಹುಡುಕಿದ ತಪ್ಪಲ್ಲ. ತಿಂಗಳಾದರೂ ಮನೆಯಲ್ಲಿ ಮಲಗದವರನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ವಿಶಾಲ ನಿಯಮ ಹಾಕಿದ್ದ. ಕುರಿ ಹಿಂಡಿನ ಹಿಂದೆ ಊರೂರು ಅಲೆಯುವ ಗಂಡಸರೆಲ್ಲ ಮೇಲವಂಕಿಯ ಮನೆಗಳಿಂದ ಒಮ್ಮೆಗೇ ಮಾಯವಾಗಿದ್ದರು. ಅವಳ ಅಪ್ಪ ಮಾಳು ಕೂಡ.

ಸಿಟ್ಟು ಇಳಿಯಿತು. ಫೋನ್ ಬರಲಿಲ್ಲ. ತಾನೇ ಮಾಡೋಣವೆಂದು ತೆಗೆದುಕೊಂಡಳು, ಇಟ್ಟಳು. ಹಂಚಿನ ಮೇಲೆ ರೊಟ್ಟಿ ಸೀದು ಹೊಗೆಯೆದ್ದಿತು.

"ಯಾವಂದ ಹಾದಿ ಕಾಯಾಕತ್ತಿ?" ಅವ್ವ ಫಕೀರವ್ವ ಕೇಳಿದಳು.

"ಯಾರದೂ ಇಲ್ಲಬೇ."

"ಹೌದ? ಮತ್ತ ಫೋನ್ ಗುಂಯ್ ಅಂದ್ರ ಬೆಕ್ಕಿನಂಗ ಜಿಗೀತಿ!"

ಮರುದಿನ ಬಾಗಿಲಲ್ಲಿ ವಿಶಾಲ ನಿಂತಿದ್ದ. ಅಂಗಿಯ ಮೇಲೆಲ್ಲ ಬಸ್ಸಿನ ಧೂಳು.

"ನೀವು ಫೋನ್ ಎತ್ತಾಂಗಿಲ್ಲ ಅನಸ್ತು. ಅದಕ್ಕ ಬಂದೆ."

"ಮಾಡಿದ್ರ ಗೊತ್ತಾಗತಿತ್ತು," ಎಂದಳು ಶೈಲಾ. ಮುಖ ಬಿಗಿಹಿಡಿದರೂ ಕಣ್ಣು ಮಾತು ಕೇಳಲಿಲ್ಲ.

ಒಳಬಂದವನು ಗೋಡೆಯ ಬದಿ ಮಡಚಿಟ್ಟ ಕರಿ ಕಂಬಳಿಯ ಮೇಲೆ ಕೂತ.

"ಏಳೋ ತಮ್ಮಾ!" ಫಕೀರವ್ವ ಗದರಿದಳು. "ಅದು ನಮ್ಮನಿಯವ್ರ ಜಾಗಾ. ಅವ್ರು ಕುರಿ ಬಿಟ್ಟು ಬರೂತನಕ ಅಲ್ಲಿ ಯಾರೂ ಕುಂಡ್ರಾಂಗಿಲ್ಲ."

ವಿಶಾಲ ದಡಕ್ಕನೆ ಎದ್ದ. ಕಂಬಳಿಯ ಸುಕ್ಕನ್ನು ಕೈಯಿಂದ ಸರಿಮಾಡಿದ. ಅದನ್ನೇ ಸ್ವಲ್ಪ ಹೊತ್ತು ನೋಡಿದ.

ಫಕೀರವ್ವ ಚಹಾ ಇಡಲು ಹೋದಳು. ಅವನು ಚಾಪೆಯ ಮೇಲೆ ಲ್ಯಾಪ್‌ಟಾಪ್ ತೆರೆದ.

"ನಂದ ತಪ್ಪಾತ್ರಿ. ಇಲ್ಲ ಅನ್ನೂದ ಬ್ಯಾರೆ, ಹೊರಗ ಹೋಗ್ಯಾರ, ಬರತಾರ ಅನ್ನೂದ ಬ್ಯಾರೆ. ಮೂರೂ ಊರಿಗೆ ಅದಕ್ಕೊಂದು ಕಾಲಮ್ ಹಾಕೂಣು."

ಇಬ್ಬರೂ ಕೂತು ಸಾಲು ಸಾಲಾಗಿ ತಿದ್ದಿದರು. ಅವನ ನೋಟ ಸ್ಕ್ರೀನಿನಿಂದ ಅವಳ ಬಳೆಗೆ ಜಾರುವುದು, ಸಿಕ್ಕಿಬಿದ್ದು ಹಿಂದಿರುಗುವುದು. ಅವಳು ಕಾಣದವಳಂತೆ ಬಳೆಯನ್ನು ಇನ್ನಷ್ಟು ಸದ್ದು ಮಾಡಿದಳು.

ಕೊನೆಯ ಸಾಲೂ ಮುಗಿಯಿತು.

"ನಾಳೆ ಕಳಸಿದ್ರೂ ನಡೀತೈತಿ," ಎಂದ ವಿಶಾಲ ಅವಸರದಲ್ಲಿ. "ಕಿಟಕಿದ ಒಂದು ಡೌಟ್ ಐತಿ."

"ಏನ್ ಡೌಟ್?"

ಅವನು ತಿದ್ದಿದ ಸಾಲುಗಳನ್ನೇ ಮತ್ತೆ ಮೇಲೆ ಕೆಳಗೆ ಸರಿಸಿದ. ಕಿವಿ ಕೆಂಪಾಯಿತು.

ಶೈಲಾಗೆ ಹೊಳೆಯಿತು. ಇವನೂ ತನ್ನ ಹಾಗೆಯೇ! ಇನ್ನೊಂದು ನೆವ, ಇನ್ನೊಂದು ಸಂಜೆ, ಮತ್ತೆ ಅದೇ ತಳಮಳ. ಕೈ ಚಾಚಿ ಅಪ್‌ಲೋಡ್ ಒತ್ತಿಬಿಟ್ಟಳು.

"ಏ! ಏನ್ ಮಾಡಿದ್ರಿ?"

"ಕೆಲಸ ಮುಗಿಸಿದೆ. ಇನ್ನ ನಮ್ಮ ನಡು ಯಾವ ಫೈಲೂ ಇಲ್ಲ. ಈಗ ಹೇಳ್ರಿ, ಹತ್ತರಗಿಯಿಂದ ಇಲ್ಲೀತನಕ ಯಾಕ ಬಂದ್ರಿ?"

ಸ್ಕ್ರೀನಿನ ಮೇಲೆ ಹಸಿರು ಗೆರೆ ನಿಧಾನವಾಗಿ ತುಂಬಿತು. ಅವನು ಲ್ಯಾಪ್‌ಟಾಪ್ ಮುಚ್ಚಿದ.

"ನಿನ್ನ ನೋಡಾಕ," ಎಂದ. "ನಾಳೆನೂ ಬರತೇನಿ. ಸಂಜೀಕ."

"ಮುಂಜಾನೆ ಬಾ," ಎಂದಳು ಶೈಲಾ. "ಸಂಜೀತನಕ ನನಗ ಕಾಯಾಕ ಆಗೂದಿಲ್ಲ."